ಎನ್‌ಜಿಓ ಕೊಡೋ ಮೆಷಿನ್ನಾ, ಮುದ್ರಾ ಸಾಲವಾ? ಎರಡಕ್ಕೂ ಮೊದಲು, ಬಿಲ್ ದುಡ್ಡು ಯಾವತ್ತು ಬರುತ್ತೆ ಕೇಳಿ

ಕೆ.ಪಿ. ಅಗ್ರಹಾರದ ಬಾಡಿಗೆ ಮನೆಯಲ್ಲಿ ನಿಮ್ಮ ಅಮ್ಮ ಬ್ಲೌಸ್ ಹೊಲೀತಾರೆ, ಒಂದು ಸಂಸ್ಥೆಯವರು ಪವರ್ ಮೆಷಿನ್ ಪುಕ್ಕಟೆ ಕೊಟ್ಟು, ಯೂನಿಫಾರಂ ಆರ್ಡರ್ ಕೂಡ ಕೊಡಿಸ್ತೀವಿ ಅಂದಿದ್ದಾರೆ, ಅದನ್ನ ಒಪ್ಪಬೇಕಾ ಇಲ್ಲಾ ಬ್ಯಾಂಕಿನಿಂದ ಮುದ್ರಾ ಸಾಲ ತಗೊಂಡು ನಾವೇ ಬೆಳೆಸಬೇಕಾ ಅಂತ ಕೇಳಿದ್ದೀರಿ. ಓದಿದ ತಕ್ಷಣ ಎದೆ ಧಸಕ್ ಅಂತು. ಹೊಲಿಗೆ ತೆಗೆದು ರೊಟ್ಟಿ ಹಾಕಿದರೆ ಅದು 2022ರ ನನ್ನ ಮನೆ.

ನಾನು ಲಗ್ಗೆರೆಯವಳು. ಹುಟ್ಟಿದ್ದು ವಿಜಯಪುರ ಕಡೆ, ಲಗ್ನ ಆಗಿ ಬೆಂಗಳೂರಿಗೆ ಬಂದೆ, ಯಜಮಾನರು ಆಟೋ ಓಡಿಸ್ತಾರೆ. 2016ರಿಂದ ರಿಂಗ್ ರೋಡ್ ಬದಿಯಲ್ಲಿ ಸಂಜೆ ಹೊತ್ತು ತಳ್ಳುಗಾಡಿ ಹಾಕಿ ಜೋಳದ ರೊಟ್ಟಿ ಊಟ ಮಾರ್ತಿದ್ದೆ. ಎರಡು ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, 30 ರೂಪಾಯಿ. ಪೀಣ್ಯದ ಫ್ಯಾಕ್ಟರಿ ಬಿಟ್ಟು ಬರೋ ನಮ್ಮ ಕಡೆಯ ಹುಡುಗರೇ ಗಿರಾಕಿಗಳು. ದಿನಕ್ಕೆ 70 ಪ್ಲೇಟ್ ಹೋಗ್ತಿತ್ತು. 2,100 ಬಂದರೆ 1,300 ಖರ್ಚು, 800 ಉಳೀತಿತ್ತು. ರಾತ್ರಿ ಹತ್ತಕ್ಕೆ ಡಬ್ಬಿ ಸುರುವಿ ಎಣಿಸಿದರೆ ಆವತ್ತಿನ ಲೆಕ್ಕ ಆವತ್ತೇ ಮುಗೀತು.

ನನಗೂ ಹೀಗೇ ಮೆಷಿನ್ ಕೊಟ್ಟ ಸಂಸ್ಥೆಯವರನ್ನ ನಾನು ಬೈಯೋಕೆ ಬಂದಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಲಾಕ್‌ಡೌನ್ ಆದಮೇಲೆ, ಜೂನ್ 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸರ್ಕಾರದ ಸ್ವನಿಧಿ ಸಾಲ ಶುರುವಾದಾಗ, ಅವರ ಹುಡುಗಿಯೊಬ್ಬಳು ನಮ್ಮ ಬೀದಿಯಲ್ಲಿ ಮನೆಮನೆಗೆ ಬಂದು ಗಾಡಿಯವರದ್ದೆಲ್ಲ ಅರ್ಜಿ ಹಾಕಿಸಿದಳು. ಬ್ಯಾಂಕಿನಲ್ಲಿ ‘ನಾಳೆ ಬನ್ನಿ’ ಅಂದಾಗ ನಮ್ಮ ಜೊತೆ ಮೂರು ಸಲ ಬಂದು ನಿಂತಳು. ಮೊದಲು 10,000 ಸಿಕ್ತು, ತೀರಿಸಿದೆ. ಆಮೇಲೆ 20,000. ಇಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತಿಗೂ ಅವರಿಗೆ ಕೈ ಮುಗೀತಿದ್ದೆ.

ಆಮೇಲೆ ಮೂರು ದಿನದ ತರಬೇತಿ ಬಂತು. ಸ್ಕೆಚ್ ಪೆನ್ ಕೊಟ್ಟು ‘ನಿಮ್ಮ ಕನಸಿನ ಅಂಗಡಿ ಚಿತ್ರ ಬರೀರಿ’ ಅಂದರು. ಪಕ್ಕದಲ್ಲಿ ಕೂತಿದ್ದ ಹೂವಿನ ಅಕ್ಕ ಒಂದು ಫ್ರಿಜ್ ಬರೆದಳು, ಅಷ್ಟೇ, ಬರೀ ಫ್ರಿಜ್. ಆ ಅಕ್ಕನ ಬಿಸಿನೆಸ್ ಪ್ಲಾನ್ ನಮ್ಮೆಲ್ಲರದಕ್ಕಿಂತ ಸರಿಯಾಗಿತ್ತು ಅಂತ ಈಗ ಅನ್ಸುತ್ತೆ. ಬೆಳಿಗ್ಗೆ ಉಳಿದ ಹೂವು ಸಂಜೆ ಬಾಡದಿದ್ದರೆ ಸಾಕು ಅಂತ ಅವಳಿಗೆ ಗೊತ್ತಿತ್ತು. ನಾನು ಮಾತ್ರ ಬೋರ್ಡು, ಟೇಬಲ್ಲು, ಆರು ಜನ ಕೆಲಸದವರನ್ನ ಬರೆದು ಚಪ್ಪಾಳೆ ಗಿಟ್ಟಿಸಿದೆ.

ಆ ಚಪ್ಪಾಳೆಯ ಹಿಂದೆಯೇ ರೊಟ್ಟಿ ಮೆಷಿನ್ ಬಂತು. ಪುಕ್ಕಟೆ. ಮೇಲೆ ಒಂದು ಕಂಪನಿಯ ಹೆಸರಿನ ಸ್ಟಿಕ್ಕರ್, ಪಕ್ಕದಲ್ಲಿ ನಾನು ನಿಂತ ಫೋಟೋ. ಮೆಷಿನ್ನೇ ಯಾಕೆ ಕೊಡ್ತಾರೆ ಅಂತ ಆಗ ತಿಳೀಲಿಲ್ಲ. ಕಂಪನಿಗಳ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಶೇ. 2ರಷ್ಟು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು, ಸಿಎಸ್‌ಆರ್ ಅಂತಾರಲ್ಲ, ಅದು. ಆ ದುಡ್ಡಿನ ವರ್ಷ ಮಾರ್ಚಿಗೆ ಮುಗಿಯುತ್ತೆ. ಮೆಷಿನ್ ಆದರೆ ಫೋಟೋ ಬರುತ್ತೆ, ಬಿಲ್ ಇರುತ್ತೆ. ಜೋಳ ತಗೊಳ್ಳೋಕೆ ಕೈಗೆ ದುಡ್ಡು ಕೊಟ್ಟರೆ ಯಾವುದರ ಫೋಟೋ ತೆಗೀತಾರೆ?

ಮೆಷಿನ್ ರೊಟ್ಟಿ ದಪ್ಪ. ಹಂಚಿನ ಮೇಲೆ ಪದರ ಬಿಟ್ಟು ಉಬ್ಬಲ್ಲ. ನನ್ನ ಹುಡುಗರು ಎರಡು ದಿನ ತಿಂದು ‘ಅಕ್ಕಾ, ಕೈಲೇ ಬಡೀರಿ’ ಅಂದರು. ಆದರೆ ಮೆಷಿನ್ ಬಂದಮೇಲೆ ಅದಕ್ಕೆ ಕೆಲಸ ತೋರಿಸಬೇಕಲ್ಲ. ಸಂಸ್ಥೆಯವರೇ ಒಬ್ಬ ಕ್ಯಾಂಟೀನ್ ಕಾಂಟ್ರಾಕ್ಟರನ್ನ ಕರಕೊಂಡು ಬಂದರು. ದಿನಕ್ಕೆ 500 ರೊಟ್ಟಿ, ಎಲ್ಲ ಒಂದೇ ಅಳತೆ, ಒಂದಕ್ಕೆ 8 ರೂಪಾಯಿ. ಬಿಲ್ ಹಾಕಿದ 45 ದಿನಕ್ಕೆ ಪೇಮೆಂಟ್. ನಾನು ಗಾಡಿ ನಿಲ್ಲಿಸಿದೆ.

ನನ್ನ ತಪ್ಪು ಇದೇ. ಬಿಡಿಸಿ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ.

500 ರೊಟ್ಟಿಗೆ ಸುಮಾರು 31 ಕಿಲೋ ಹಿಟ್ಟು ಬೇಕು. ಒಳ್ಳೆ ಬಿಳಿಜೋಳ, ಗಿರಣಿ ಖರ್ಚು ಸೇರಿ 1,700. ಇಬ್ಬರು ಹೆಂಗಸರ ಕೂಲಿ 1,000. ಗ್ಯಾಸು, ಕರೆಂಟು, ಸಾಗಣೆ 400. ಒಟ್ಟು 3,100. ಬರೋದು 4,000, ಉಳಿಯೋದು 900. ಗಾಡಿಯಲ್ಲಿ 800 ಉಳೀತಿತ್ತು ಅಂದೆನಲ್ಲ? ನಾನು ಗಾಡಿ ಬಿಟ್ಟಿದ್ದು ದಿನಕ್ಕೆ ನೂರು ರೂಪಾಯಿ ಹೆಚ್ಚಿಗೆ! ತರಬೇತಿಯಲ್ಲಿ ಲೆಕ್ಕ ಕಲಿಸಿದ್ದರು, ನಾನೂ ಬರೆದಿದ್ದೆ, ಆದರೆ ಈ ಎರಡು ಅಂಕಿಯನ್ನ ಅಕ್ಕಪಕ್ಕ ಇಡಲೇ ಇಲ್ಲ. 500 ಅನ್ನೋ ಅಂಕಿ ನೋಡಿ ಕಣ್ಣು ಕುಕ್ಕಿತ್ತು.

ಅದಕ್ಕಿಂತ ದೊಡ್ಡದು ದಿನದ ಲೆಕ್ಕ. ‘45 ದಿನ’ ಅಂದಾಗ ನಾನು ತಿಂಗಳೂವರೆ ಅಂದ್ಕೊಂಡೆ. ಅದು ಬಿಲ್ ಹಾಕಿದ ಮೇಲಿನ 45 ದಿನ. ಬಿಲ್ ಹಾಕೋದು ತಿಂಗಳ ಕೊನೆಗೆ. ಅಂದರೆ ಜೂನ್ 1ನೇ ತಾರೀಕು ಕೊಟ್ಟ ರೊಟ್ಟಿಯ ದುಡ್ಡು ಕೈಗೆ ಬರೋದು ಆಗಸ್ಟ್ ಮಧ್ಯಕ್ಕೆ, 75 ದಿನ. ಭಾನುವಾರ ಬಿಟ್ಟರೂ 65 ದಿನ ನಾನು ಕೈಯಿಂದ ಹಾಕ್ತಾ ಇರಬೇಕು. 65 ಗುಣಿಸು 3,100, ಅಂದರೆ 2 ಲಕ್ಷದ ಮೇಲೆ. ನನ್ನ ಹತ್ತಿರ ಇದ್ದದ್ದು ಕೂಡಿಟ್ಟ 40,000, ಸ್ವನಿಧಿಯ 20,000. ಅರವತ್ತು ಸಾವಿರ ಎಷ್ಟು ದಿನ ಬರುತ್ತೆ? 19 ದಿನ.

ಇಪ್ಪತ್ತನೇ ದಿನ ದಿನದ ಕಂತಿನ ಬಡ್ಡಿಯವರ ಹತ್ತಿರ ಹೋದೆ. ಹತ್ತು ಸಾವಿರ ಅಂತ ಬರಕೊಂಡು ಕೈಗೆ 9,000 ಕೊಡ್ತಾರೆ, ದಿನಾ ನೂರರಂತೆ ನೂರು ದಿನ. ಸಾವಿರ ರೂಪಾಯಿ ತಾನೇ ಅನ್ಸುತ್ತೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗ್ತಿರುತ್ತಲ್ಲ, ಸರಾಸರಿ ನಮ್ಮ ಕೈಲಿ ಇರೋದು ನಾಲ್ಕೂವರೆ ಸಾವಿರ ಮಾತ್ರ. ವರ್ಷಕ್ಕೆ ಹಾಕಿದರೆ ಶೇ. 80ರ ಆಸುಪಾಸು. ಅಂಥವು ನಾಲ್ಕು ತಗೊಂಡೆ. ಜೋಳದಂಗಡಿಯಲ್ಲಿ 40,000 ಉದ್ರಿ. ತವರಿನವರು ಹಾಕಿದ ಬಂಗಾರದ ಬೋರಮಾಳ ಸರ 25,000ಕ್ಕೆ ಗಿರವಿ. ದಿನದ 400 ರೂಪಾಯಿ ಕಂತು ಯಜಮಾನರ ಆಟೋದಿಂದ ಹೋಗ್ತಿತ್ತು. ಜುಲೈ ಕೊನೆಗೆ ಜೋಳದಂಗಡಿಯವರು ‘ಹಳೇದು ತಂದ್ಕೊಡ್ರಿ, ಆಮೇಲೆ ಹೊಸಾದು’ ಅಂದರು. 52 ದಿನಕ್ಕೆ ನನ್ನ ರೊಟ್ಟಿ ನಿಂತು ಹೋಯ್ತು.

ಬರಬೇಕಾದದ್ದು 2,08,000. ಸೆಪ್ಟೆಂಬರ್ ಕೊನೆಗೆ 70,000 ಬಂತು. ಉಳಿದದ್ದಕ್ಕೆ ‘ರೊಟ್ಟಿ ತುಂಡಾಗಿದ್ವು’, ‘ನೀವು ಮಧ್ಯೆ ನಿಲ್ಲಿಸಿದ್ರಿ’, ‘ಕಂಪನಿಯಿಂದ ನಮಗೇ ಬಂದಿಲ್ಲ’. ಆಮೇಲೆ ಫೋನ್ ಎತ್ತೋದೂ ಬಿಟ್ಟರು. ಸಂಸ್ಥೆಯ ಹುಡುಗಿಗೆ ಫೋನ್ ಮಾಡಿದರೆ ಅವಳು ಅತ್ತುಬಿಟ್ಟಳು, ‘ಅಕ್ಕಾ, ನನ್ನನ್ನ ಬೇರೆ ಪ್ರಾಜೆಕ್ಟಿಗೆ ಹಾಕಿದ್ದಾರೆ’ ಅಂತ. ಅವಳನ್ನ ಏನಂತ ಬೈಯಲಿ?

ನಮ್ಮತ್ತೆ ಜೂನ್‌ನಲ್ಲೇ ಹೇಳಿದ್ದರು: ‘ದಿನಾ ರೊಕ್ಕಾ ಎಣಸೂದು ಬಿಟ್ಟು ಕಾಗದಾ ಎಣಸಾಕ ಹೊಂಟಿಯಲ್ಲವಾ.’ ಓದು ಬರಹ ಇಲ್ಲದವರು, ಅವರಿಗೇನು ತಿಳೀತದೆ ಅಂದ್ಕೊಂಡಿದ್ದೆ.

ಗಾಡಿಗೆ ವಾಪಸ್ ಹೋದೆ. ನನ್ನ ಜಾಗದಲ್ಲಿ ಗೋಬಿ ಮಂಚೂರಿ ಗಾಡಿ ನಿಂತಿತ್ತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಸರ್ವೆ ಮಾಡಿ ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಅದರಲ್ಲಿದೆ, ಒಂದೆರಡು ಸಲ ಪೊಲೀಸರ ಮುಂದೆ ಅದರ ಪ್ರತಿ ಹಿಡಿದದ್ದೂ ಉಂಟು. ಆದರೆ ನಾನೇ ಎದ್ದು ಹೋದ ಜಾಗಕ್ಕೆ ಯಾವ ಕಾಯ್ದೆ ಹಿಡೀಲಿ? ಗೋಬಿಯವನೂ ಹೊಟ್ಟೆಪಾಡಿನವನೇ. ನಲವತ್ತು ಹೆಜ್ಜೆ ಮುಂದೆ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತೆ. ಹಳೇ ಹುಡುಗರಲ್ಲಿ ಅರ್ಧ ಜನ ಬೇರೆ ಕಡೆ ಊಟಕ್ಕೆ ಹೊಂದಿಕೊಂಡಿದ್ದರು. ಬೋರಮಾಳ ಬಿಡಿಸಿಕೊಂಡದ್ದು 2024ರ ಯುಗಾದಿಗೆ.

ಈಗ ನಿಮ್ಮ ಪ್ರಶ್ನೆ. ಎನ್‌ಜಿಓನಾ ಬ್ಯಾಂಕಾ ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳ್ತಿದ್ದೀರಿ, ಯಾವತ್ತು ವಾಪಸ್ ಬರುತ್ತೆ ಅಂತ ಕೇಳ್ತಾ ಇಲ್ಲ. ಮುದ್ರಾ ಶಿಶು ಸಾಲ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತೆ, ಸರಿ. ಅದನ್ನ ತಂದು ಇದೇ ಥರದ ಆರ್ಡರಿಗೆ ಸುರಿದರೆ ನನ್ನ 19 ದಿನ ನಿಮಗೆ 30 ದಿನ ಆಗಬಹುದು, ಅಷ್ಟೇ. ಇನ್ನು, ಬೆಳೆಸಬೇಕು ಅನ್ನೋದು ನಿಮ್ಮ ಅಮ್ಮನ ಮಾತಾ, ಸಂಸ್ಥೆಯವರದಾ, ನಿಮ್ಮದಾ? ಅಮ್ಮನನ್ನ ಕೇಳಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಅಮ್ಮ ಏನಂದರು ಅಂತ ಒಂದು ಸಾಲೂ ಇಲ್ಲ, ಅದಕ್ಕೆ ಕೇಳಿದೆ.

ಮೆಷಿನ್ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಅದು ಯಾರ ಹೆಸರಲ್ಲಿದೆ, ಕೆಟ್ಟರೆ ರಿಪೇರಿ ಯಾರದು ಅಂತ ಬರೆಸಿಕೊಳ್ಳಿ. ಮನೆ ಮೀಟರಿಗೇ ಹಾಕಿ ದಿನವಿಡೀ ಓಡಿಸಿದರೆ ಗೃಹಜ್ಯೋತಿಯ 200 ಯೂನಿಟ್ ದಾಟುತ್ತಾ ನೋಡಿ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಮನೆ ಓನರ್ ಏನಂತಾರೆ ಅದೂ ಇದೆ.

ಬ್ಲೌಸ್ ಗಿರಾಕಿಗಳನ್ನ ಮಾತ್ರ ಬಿಡಬೇಡಿ. ಒಬ್ಬರನ್ನೂ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ‘ಈಗ ಆಗಲ್ಲಮ್ಮ, ಆರ್ಡರ್ ಇದೆ’ ಅಂದುನೋಡಿ, ಮುಂದಿನ ಹಬ್ಬಕ್ಕೆ ಅವರು ಬೇರೆ ಟೈಲರ್ ಹತ್ತಿರ. ಬ್ಲೌಸ್ ಕೊಟ್ಟ ಕೈಲೇ ದುಡ್ಡು ಬರುತ್ತೆ. ನನ್ನ ಗಾಡಿ ಡಬ್ಬಿ ಥರ ಅದು.

ಯೂನಿಫಾರಂ ಆರ್ಡರಿಗೆ ಬಟ್ಟೆ, ಗುಂಡಿ, ದಾರ ಅವರೇ ಕೊಡಲಿ, ನೀವು ಹೊಲಿಗೆ ಕೂಲಿ ಮಾತ್ರ ತಗೊಳ್ಳಿ. ಬಟ್ಟೆ ನೀವೇ ಹಾಕಿ ಅಂದರೆ ಅರ್ಧ ಅಡ್ವಾನ್ಸ್ ಕೇಳಿ, ಕೊಡದಿದ್ದರೆ ಬೇಡ ಅನ್ನಿ. ಕೈಲಿರೋ ದುಡ್ಡನ್ನ ದಿನದ ಖರ್ಚಿನಿಂದ ಭಾಗಿಸಿ. ಎಷ್ಟು ದಿನ ಬರುತ್ತೋ ಅಷ್ಟರೊಳಗೆ ಪೇಮೆಂಟ್ ಆಗೋ ಆರ್ಡರ್ ಮಾತ್ರ ನಿಮ್ಮದು.

ಅಮ್ಮನ ಹೆಸರಲ್ಲಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಬರೆಸೋದು, ಇವತ್ತೇ ಮಾಡಿಸಿ, ಮೊದಲ ಪೀಸ್ ಕೊಡೋಕೆ ಮುಂಚೆ. ಪೂರ್ತಿ ಪುಕ್ಕಟೆ, ಆಧಾರ್ ಜೊತೆ ಪ್ಯಾನ್ ನಂಬರೂ ಬೇಕು. ನನ್ನ ಹತ್ತಿರ ಸೈಬರ್ ಸೆಂಟರಿನವ 500 ಕಿತ್ತುಕೊಂಡ, ನೀವು ಕೊಡಬೇಡಿ. 2006ರ ಎಂಎಸ್‌ಎಂಇ, ಅಂದರೆ ಸಣ್ಣ ಉದ್ಯಮಗಳ, ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ ಬರೆದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ಕೊಡಬಹುದು. ಮತ್ತೆ ಆ ದಿನಗಳ ಎಣಿಕೆ ಮಾಲು ಒಪ್ಪಿಕೊಂಡ ದಿನದಿಂದ, ಅವರ ಬಿಲ್ ತಾರೀಕಿನಿಂದ ಅಲ್ಲ! ನನಗೆ ಇದು ತಿಳಿದದ್ದು ರೊಟ್ಟಿ ಕೊಟ್ಟು ಮುಗಿದ ಮೇಲೆ. ಓಡಿಹೋಗಿ ನೋಂದಣಿ ಮಾಡಿಸಿದೆ. ವಕೀಲರು ತಾರೀಕು ನೋಡಿ ತಲೆ ಅಲ್ಲಾಡಿಸಿದರು. ಮಾಲು ಕೊಡೋಕೆ ಮುಂಚೆ ಇರಬೇಕಿತ್ತಮ್ಮ, ಸುಪ್ರೀಂ ಕೋರ್ಟ್ 2021ರಲ್ಲೇ ಹಾಗೆ ಹೇಳಿದೆ ಅಂದರು. 1,38,000 ಅಲ್ಲಿಗೆ ಮುಗೀತು.

ಸಂಸ್ಥೆಯವರಿಂದ ಏನಾದರೂ ಕೇಳೋದಿದ್ದರೆ ಇದನ್ನ ಕೇಳಿ: ಪೇಮೆಂಟ್ ತಡ ಆದರೆ ಮಧ್ಯದ ದುಡ್ಡು ನೀವು ಹಾಕ್ತೀರಾ? ಏಪ್ರಿಲ್ ಆದಮೇಲೂ ನಿಮ್ಮ ಹುಡುಗಿ ಫೋನ್ ಎತ್ತುತ್ತಾಳಾ? ‘ನೋಡೋಣ’ ಅಂದರೆ ಮೆಷಿನ್ ತಗೊಂಡು ಆರ್ಡರ್ ಬಿಡಿ. ನನ್ನ ಮೆಷಿನ್ ಈಗಲೂ ಮೂಲೆಯಲ್ಲಿದೆ, ಮೇಲೆ ಬೆಡ್‌ಶೀಟ್ ಹಾಸಿ ಮಗಳ ಪುಸ್ತಕ ಇಟ್ಟಿದ್ದೇವೆ. ಎತ್ತರ ಸರಿಯಾಗಿದೆ.

ಅವರು ಆರ್ಡರ್ ಕಾಗದ ಕೊಟ್ಟರೆ ಹೆಸರು, ನಂಬರ್ ಎಲ್ಲ ಮುಚ್ಚಿ ಇಲ್ಲಿ ಹಾಕಿ ತಮ್ಮಾ, ತಾರೀಕಿನ ಸಾಲು ಮಾತ್ರ ಕಾಣೋ ಹಾಗೆ. ನೋಡಿ ಹೇಳ್ತೀನಿ. ಸಂಜೆ ಆರರಿಂದ ಹತ್ತರವರೆಗೆ ಗಾಡಿ ಹತ್ತಿರ ಇರ್ತೀನಿ, ಕೈಯೆಲ್ಲ ಹಿಟ್ಟು, ಆಗ ಉತ್ತರ ಬರಲ್ಲ.