ತಪ್ಪು ಮಾಡದವರ ಫೋನ್ ಕೇಳಿದರೆ ನಷ್ಟವೇನು?

ನಿಮ್ಮ ಪ್ರಶ್ನೆ ಇದು: ದೇಶದ ಭದ್ರತೆಗಾಗಿ ಸರ್ಕಾರ ಫೋನ್ ಕದ್ದಾಲಿಸಿದರೆ ತಪ್ಪು ಮಾಡದವರು ಯಾಕೆ ಹೆದರಬೇಕು? ದೇಶ ದೊಡ್ಡದೋ, ಖಾಸಗಿತನ ದೊಡ್ಡದೋ?

ನಾನು ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲ. ಕದ್ದಾಲಿಕೆಯೇ ಬೇಡ ಅನ್ನುವವರ ಪೈಕಿ ಅಲ್ಲ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ನಡೆಯುತ್ತಿದ್ದಾಗಲೇ, ಉಗ್ರರಿಗೆ ಪಾಕಿಸ್ತಾನದಿಂದ ಸೂಚನೆ ಕೊಡುತ್ತಿದ್ದವರ ಮಾತುಗಳನ್ನು ಪೊಲೀಸರು ಕೇಳಿಸಿಕೊಂಡು ರೆಕಾರ್ಡ್ ಮಾಡಿದರು. ಮುಂದೆ ಕಸಬ್ ವಿಚಾರಣೆಯಲ್ಲಿ ಅದು ಸಾಕ್ಷ್ಯವಾಗಿಯೂ ಬಂತು. ಅಂಥ ಹೊತ್ತಲ್ಲಿ ಮೊದಲು ಕೋರ್ಟಿಗೆ ಅರ್ಜಿ ಹಾಕಿ ಬನ್ನಿ ಅಂತ ತಲೆ ನೆಟ್ಟಗಿರುವ ಯಾರೂ ಹೇಳುವುದಿಲ್ಲ.

ಆದರೆ ನಮ್ಮ ಬಗ್ಗೆ ತಿಳಿಯೋಕೆ ನಮ್ಮ ಮಾತು ಕೇಳಲೇಬೇಕು ಅಂತೇನಿಲ್ಲ. ಚಾರ್ಜ್‌ಶೀಟ್ ಜೊತೆ ಸಿಡಿಆರ್, ಅಂದರೆ ಕರೆಗಳ ವಿವರದ ಒಂದು ಪಟ್ಟಿ ಬರುತ್ತದೆ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು, ಯಾವ ಟವರ್, ಯಾವ ಐಎಂಇಐ (ಫೋನ್ ಸೆಟ್ಟಿನ ಗುರುತಿನ ಸಂಖ್ಯೆ). ಪುಟಗಟ್ಟಲೆ ಬರೀ ಅಂಕಿ. ಸುಮ್ನೆ ಒಂದು ಪೆನ್ಸಿಲ್ ಹಿಡಿದು ಕೂತರೆ ಸಾಕು, ಆ ಮನುಷ್ಯ ಯಾವ ಏರಿಯಾದಲ್ಲಿ ಮಲಗುತ್ತಾನೆ, ಯಾರಿಗೆ ದಿನಾ ರಾತ್ರಿ ಫೋನ್ ಮಾಡುತ್ತಿದ್ದವನು ಯಾವತ್ತಿನಿಂದ ನಿಲ್ಲಿಸಿದ, ಯಾವ ಆಸ್ಪತ್ರೆಗೆ ಪದೇ ಪದೇ ಫೋನ್ ಮಾಡಿದ, ಎಲ್ಲ ಕಾಣುತ್ತದೆ. ಅವನ ಹೆಂಡತಿಗೂ ಗೊತ್ತಿರದ ಸಂಗತಿ ಅದರಲ್ಲಿರುತ್ತದೆ. ಇದೇ ಪಟ್ಟಿ ಆರೋಪಿಯನ್ನು ಬಿಡಿಸುವುದೂ ಉಂಟು. ಘಟನೆ ನಡೆದ ಹೊತ್ತಿಗೆ ಅವನ ಫೋನ್ ಬೇರೆ ಊರಿನ ಟವರಿನಲ್ಲಿ ಇದ್ದರೆ ಪೊಲೀಸರ ಕಥೆ ಅಲ್ಲಿಗೇ ಸಡಿಲವಾಗುತ್ತದೆ. ಹಾಗಾಗಿ ನನ್ನ ಜಗಳ ಈ ಉಪಕರಣದ ಮೇಲಲ್ಲ, ಅದಕ್ಕೆ ಯಾರು ಹೂಂ ಅನ್ನುತ್ತಾರೆ ಅನ್ನುವುದರ ಮೇಲೆ.

'ತಪ್ಪು ಮಾಡದವರಿಗೆ ಭಯ ಯಾಕೆ' ಅಂದಿರಲ್ಲ, ಖರಕ್ ಸಿಂಗ್ ಕೇಸು ನೋಡಿ. ಉತ್ತರ ಪ್ರದೇಶದವನು. 1941ರಲ್ಲಿ ದರೋಡೆ ಕೇಸಿನಲ್ಲಿ ಹಿಡಿದರು, ಸಾಕ್ಷ್ಯ ಇಲ್ಲ ಅಂತ ಬಿಟ್ಟರು. ಆದರೆ ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದಿಟ್ಟರು. ನಮ್ಮ ಕಡೆಯ ರೌಡಿ ಶೀಟ್ ಇದ್ದ ಹಾಗೆ ಅಂದುಕೊಳ್ಳಿ. ಆಮೇಲೆ ರಾತ್ರಿ ಹೊತ್ತು ಪೇದೆಗಳು ಬಂದು ಬಾಗಿಲು ಬಡಿಯುವುದು, ನಿದ್ದೆಯಿಂದ ಎಬ್ಬಿಸುವುದು, ಊರು ಬಿಟ್ಟು ಹೋದರೆ ಹೇಳಿ ಹೋಗು ಅನ್ನುವುದು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಮನೆಗೆ ಬರುವುದನ್ನು ಮಾತ್ರ ರದ್ದು ಮಾಡಿತು. ಮಿಕ್ಕ ಕಣ್ಗಾವಲು ಇರಲಿ, ಖಾಸಗಿತನ ಮೂಲಭೂತ ಹಕ್ಕಲ್ಲ ಅಂದಿತು. ಕೋರ್ಟಿನಲ್ಲಿ ತಪ್ಪು ಸಾಬೀತಾಗದಿದ್ದರೂ ಶೀಟ್ ಉಳಿದೇ ಇತ್ತು, ಅಲ್ವಾ?

ಆ ಮಾತು ಪೂರ್ತಿ ಅಳಿಸಿಹೋಗಲು 55 ವರ್ಷ ಹಿಡಿಯಿತು. ಅದಕ್ಕೆ ಕಾರಣರಾದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ವಯಸ್ಸಿನಲ್ಲಿ ಬಹಳ ಜನ ಸ್ವಂತ ಜಮೀನಿನ ಕೇಸನ್ನೂ ಮಕ್ಕಳಿಗೆ ಬಿಟ್ಟಿರುತ್ತಾರೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರೊಳಗೆ ಕೈ ಹಾಕಬಾರದು ಅಂತೇನೂ ಹೇಳಲಿಲ್ಲ. ಕೈ ಹಾಕುವುದಕ್ಕೆ ಒಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕೈ ಚಾಚಬಾರದು. ಇಷ್ಟೇ. ದೇಶವೋ ಖಾಸಗಿತನವೋ ಅಂತ ಎರಡರಲ್ಲಿ ಒಂದನ್ನು ಆರಿಸಿ ಅಂತ ಆ ತೀರ್ಪು ಕೇಳುವುದೇ ಇಲ್ಲ.

ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಜಾಸ್ತಿ ಆಯಿತೋ ಇಲ್ಲವೋ ಅಂತ ನೋಡುವವರು ಯಾರು? ಫೋನ್ ಕದ್ದಾಲಿಕೆಗೆ ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ ಸಹಿ ಮಾಡುತ್ತಾರೆ, ರಾಜ್ಯದಲ್ಲಿ ಇಲ್ಲಿನ ಗೃಹ ಇಲಾಖೆಯ ಕಾರ್ಯದರ್ಶಿ. ಒಂದು ಆದೇಶ 60 ದಿನ ನಡೆಯುತ್ತದೆ, ಮುಂದುವರಿಸುತ್ತಾ ಹೋದರೆ ಗರಿಷ್ಠ 180 ದಿನ. ಈ ಆದೇಶಗಳು ಸರಿಯೋ ಅಂತ ನೋಡುವ ಪರಿಶೀಲನಾ ಸಮಿತಿಗೆ ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಅನುಮತಿ ಕೇಳುವವರು ಸರ್ಕಾರ, ಕೊಡುವವರು ಸರ್ಕಾರ, ಸರಿಯೋ ತಪ್ಪೋ ನೋಡುವವರೂ ಸರ್ಕಾರ. ಪರೀಕ್ಷೆ ಬರೆದವನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಈ ವ್ಯವಸ್ಥೆಯ ಬೇರು, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1996ರ ತೀರ್ಪಿನಲ್ಲಿದೆ. 1885ರ ಟೆಲಿಗ್ರಾಫ್ ಕಾಯ್ದೆ ಹೋಗಿ 2023ರ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದವು. ನ್ಯಾಯಾಧೀಶರಿಗೆ ಮಾತ್ರ ಈಗಲೂ ಜಾಗ ಇಲ್ಲ.

ಆ ಪರಿಶೀಲನಾ ಸಮಿತಿಯ ಕೆಲಸ ಎಷ್ಟು ಅಂತ, ದತ್ತಾಂಶ ರಕ್ಷಣೆ ಕಾನೂನಿಗಾಗಿ ನಿವೃತ್ತ ನ್ಯಾಯಮೂರ್ತಿ ಶ್ರೀಕೃಷ್ಣ ಅವರ ನೇತೃತ್ವದಲ್ಲಿ ಸರ್ಕಾರವೇ ನೇಮಿಸಿದ್ದ ಸಮಿತಿ 2018ರ ತನ್ನ ವರದಿಯಲ್ಲಿ ಬರೆದಿದೆ: ಎರಡು ತಿಂಗಳಿಗೊಮ್ಮೆ ಸಭೆ, ಒಂದೊಂದು ಸಭೆಗೆ 15,000ದಿಂದ 18,000 ಆದೇಶ. ನೀವೇ ಲೆಕ್ಕ ಹಾಕಿ. ಅಧಿಕಾರಿಗಳು ಊಟ, ಕಾಫಿ ಬಿಟ್ಟು ಎಂಟು ಗಂಟೆ ಕೂತರೂ ಒಂದು ಆದೇಶಕ್ಕೆ ಸಿಗುವುದು ಎರಡು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಫೈಲಿನ ದಾರ ಬಿಚ್ಚೋಕೂ ಆಗಲ್ಲ.

ಇದು ಯಾವುದೋ ಒಂದು ಪಕ್ಷದ ಅಥವಾ ದೆಹಲಿಯ ಕಾಯಿಲೆ ಅಂತ ತಿಳಿಯಬೇಡಿ. 1988ರಲ್ಲಿ ರಾಮಕೃಷ್ಣ ಹೆಗಡೆ ನಮ್ಮ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪಕ್ಕೇ. ಯಾರ ಕೈಗೆ ಕೊಟ್ಟರೂ ಅಷ್ಟೇ, ಪ್ರಶ್ನಿಸುವವರಿಲ್ಲದಿದ್ದರೆ ಉಗ್ರರಿಗಾಗಿ ಇಟ್ಟ ಕಿವಿ ರಾಜಕೀಯ ಎದುರಾಳಿಯ ಮನೆಯ ಕಡೆ ತಿರುಗುತ್ತದೆ.

ನ್ಯಾಯಾಧೀಶರು ನಡುವೆ ಬಂದರೆ ತಡವಾಗುತ್ತದೆ, ಅಷ್ಟರಲ್ಲಿ ಬಾಂಬ್ ಸಿಡಿದರೆ ಅನ್ನುತ್ತೀರಾ? ಬ್ರಿಟನ್ನಿನಲ್ಲಿ 2016ರ ಕಾನೂನಿನ ಪ್ರಕಾರ ಮಂತ್ರಿ ಸಹಿ ಹಾಕಿದ ಮೇಲೆ, ನ್ಯಾಯಾಂಗದಿಂದ ಬಂದ ಕಮಿಷನರ್ ಒಬ್ಬರು ಒಪ್ಪಬೇಕು. ತುರ್ತು ಇದ್ದರೆ ಮೊದಲು ಕೇಳಿಸಿಕೊಳ್ಳಬಹುದು. ಆದರೆ ಮೂರು ಕೆಲಸದ ದಿನದೊಳಗೆ ಕಮಿಷನರ್ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ವರ್ಷಕ್ಕೆ ಎಷ್ಟು ವಾರಂಟ್ ಆಯಿತು ಅಂತ ವರದಿಯೂ ಹೊರಗೆ ಬರುತ್ತದೆ. ಬ್ರಿಟನ್ ಏನು ಸಾಧುಗಳ ದೇಶ ಅಲ್ಲ, ಕಣ್ಗಾವಲಿನಲ್ಲಿ ಅವರು ನಮಗಿಂತ ಮುಂದೆಯೇ ಇದ್ದಾರೆ. ಆದರೂ ಇಷ್ಟು ಮಾಡಿಕೊಂಡಿದ್ದಾರೆ.

ಇಲ್ಲಿ ನಿಮ್ಮ ಫೋನ್ ಕೇಳಿದ್ದರೂ ಆಮೇಲೆ ಯಾರೂ ನಿಮಗೆ ತಿಳಿಸುವುದಿಲ್ಲ. ಆರ್‌ಟಿಐ ಹಾಕೋಣ ಅಂದರೆ ಗುಪ್ತಚರ ಸಂಸ್ಥೆಗಳು ಬಹುಪಾಲು ಅದರಿಂದ ಹೊರಗೆ. ಇನ್ನು ಕದ್ದಾಲಿಕೆ ಆದೇಶದ ದಾಖಲೆಗಳನ್ನು, ಬೇರೆ ಅಗತ್ಯ ಇಲ್ಲದಿದ್ದರೆ, ಆರು ತಿಂಗಳಿಗೊಮ್ಮೆ ನಾಶ ಮಾಡಬೇಕು ಅಂತ ನಿಯಮವೇ ಹೇಳುತ್ತದೆ. ನಿಮ್ಮ ಗುಟ್ಟು ಯಾರದೋ ಕಪಾಟಿನಲ್ಲಿ ಉಳಿಯಬಾರದು ಅನ್ನುವುದಾದರೆ ಅದು ಒಳ್ಳೆಯದೇ. ಆದರೆ ನೀವು ಅನುಮಾನಪಟ್ಟು ನನ್ನಂಥ ವಕೀಲನ ಹತ್ತಿರ ಬರುವ ಹೊತ್ತಿಗೆ, ಕೋರ್ಟಿಗೆ ತೋರಿಸೋಣ ಅಂದರೆ ಆ ಆದೇಶದ ಕಾಗದವೇ ಇರುವುದಿಲ್ಲ.