ಹಗುರ ಕೆಲಸ ಕೊಟ್ಟರು, ಕೈ ಇನ್ನಷ್ಟು ನೋಯಿತು

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದೆ.)

ವಸುಧಾ ಎಂದು ಕರೆಯೋಣ. ನಲವತ್ತು ದಾಟಿದ ವಯಸ್ಸು. ಕಾರ್ಖಾನೆಯೊಂದರ ಕಚೇರಿಯಲ್ಲಿ ಬಹಳ ವರ್ಷಗಳಿಂದ ನೌಕರರ ಸಂಬಳದ ಲೆಕ್ಕ ನೋಡಿಕೊಂಡು ಬಂದವರು. ಸಲಹೆ ಕೇಳಲು ನನ್ನಲ್ಲಿಗೆ ಬಂದಾಗ ರಾಜೀನಾಮೆ ಪತ್ರ ಟೈಪ್ ಆಗಿ ಬ್ಯಾಗಿನಲ್ಲೇ ಇತ್ತು, ತಾರೀಕು ಹಾಕುವುದೊಂದೇ ಬಾಕಿ. ಜೊತೆಗೆ ಬಂದಿದ್ದ ಗಂಡ, "ಬಿಡಿಸೋದು ಅಂತ ತೀರ್ಮಾನ ಮಾಡಿಯಾಗಿದೆ ಮೇಡಂ, ಇವಳಿಗೆ ಸ್ವಲ್ಪ ಧೈರ್ಯ ಹೇಳಿ, ಅಷ್ಟು ಸಾಕು" ಅಂದರು. ವಸುಧಾ ಏನೂ ಹೇಳಲಿಲ್ಲ. ಮುಂದಿನ ಸಲ ಒಬ್ಬರೇ ಬರಲಿ ಎಂದು ಕೇಳಿಕೊಂಡೆ.

ಎರಡು ವರ್ಷದ ಹಿಂದೆ ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವುದು ಪತ್ತೆಯಾಗಿತ್ತು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ವಯಸ್ಸಿನಿಂದ ಬರುವ ಮಂಡಿ ಸವೆತವೇ ಬೇರೆ, ಇದೇ ಬೇರೆ. ಸವೆತದ ಬಿಗಿತ ಬೆಳಿಗ್ಗೆ ಎದ್ದು ಓಡಾಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ಇದರಲ್ಲಿ ಒಂದು ಗಂಟೆ ದಾಟಿದರೂ ಬೆರಳು ಮಡಚಲು ಬಾರದು. ಮೇಲೊಂದು ವಿಪರೀತ ಸುಸ್ತು, ಅದಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ಬಟ್ಟೆಯ ಗುಂಡಿ ಹಾಕಿಕೊಳ್ಳಲಾಗದವರು ಮಧ್ಯಾಹ್ನ ಸರಾಗವಾಗಿ ಟೈಪ್ ಮಾಡುತ್ತಿದ್ದರೆ ಪಕ್ಕದ ಮೇಜಿನವರಿಗೆ ಅನುಮಾನ ಬರುವುದು ಸಹಜವೇ.

ಒಬ್ಬರೇ ಬಂದ ದಿನ ನಿಜವಾದ ಸಂಕಟ ಹೊರಬಂತು. ಒಂದು ದಿನ ನೋವು ತಡೆಯಲಾಗದೆ ಮ್ಯಾನೇಜರ್ ಮುಂದೆ ಅತ್ತಿದ್ದಾರೆ. ಆತ ಒಳ್ಳೆಯ ಮನುಷ್ಯ. ಮರುದಿನವೇ ಸಂಬಳದ ಲೆಕ್ಕವನ್ನು ಕಿರಿಯ ಸಹೋದ್ಯೋಗಿಗೆ ವಹಿಸಿ, "ನೀವು ಹಗುರವಾದ ಕೆಲಸ ಮಾಡ್ಕೊಂಡು ಆರಾಮಾಗಿರಿ" ಎಂದು ಫೈಲುಗಳ ವಿಭಾಗಕ್ಕೆ ಕೂರಿಸಿದರು. ಆ ಹಗುರವಾದ ಕೆಲಸ ಏನೆಂದರೆ, ಬಂದ ಕಾಗದಕ್ಕೆಲ್ಲ ಪಂಚಿಂಗ್ ಮಷಿನ್ ಒತ್ತುವುದು, ದಾರ ಕಟ್ಟುವುದು, ದಪ್ಪ ಫೈಲುಗಳನ್ನು ಕಪಾಟಿನಿಂದ ಎಳೆಯುವುದು. ಊದಿದ ಬೆರಳಿಗೆ, ಮಣಿಕಟ್ಟಿಗೆ ಇದಕ್ಕಿಂತ ಕೆಟ್ಟ ಕೆಲಸ ಹುಡುಕಿದರೂ ಸಿಗದು. ಬಿಟ್ಟುಕೊಟ್ಟ ಕೆಲಸದಲ್ಲೋ ಮುಕ್ಕಾಲು ಪಾಲು ತಲೆಗೆ, ಕಾಲು ಪಾಲು ಕೈಗೆ.

"ಮೊದಲು ನೋವಿತ್ತು, ಕೆಲಸಾನೂ ಇತ್ತು. ಈಗ ನೋವು ಮಾತ್ರ ಇದೆ" ಅಂದರು ವಸುಧಾ.

ಕಾಯಿಲೆಯವರು ಕೆಲಸದಿಂದ ಹೊರಬೀಳುವುದಕ್ಕೆ ಕ್ರೂರ ಮೇಲಧಿಕಾರಿಯೇ ಬೇಕು ಎಂದು ಅನೇಕರು ತಿಳಿದಿದ್ದಾರೆ. ನಾನು ಹೆಚ್ಚು ನೋಡಿರುವುದು ಕರುಣೆಯಿಂದ ಆಗುವ ಹೊರಹಾಕುವಿಕೆಯನ್ನು. ಮೊದಲು ಜವಾಬ್ದಾರಿ ತೆಗೆಯುತ್ತಾರೆ, ಆಮೇಲೆ ಸಭೆಗೆ ಕರೆಯುವುದನ್ನು ನಿಲ್ಲಿಸುತ್ತಾರೆ, "ಪಾಪ, ಯಾಕೆ ತೊಂದರೆ ಕೊಡೋದು" ಎಂದು. ವರ್ಷ ಕಳೆಯುವಷ್ಟರಲ್ಲಿ ಆ ವ್ಯಕ್ತಿ ಇಲ್ಲದಿದ್ದರೂ ನಡೆಯುತ್ತದೆ ಎಂದು ಕಚೇರಿಗೂ ಗೊತ್ತಾಗಿರುತ್ತದೆ, ಆ ವ್ಯಕ್ತಿಗೂ. ರಾಜೀನಾಮೆ ತಾನಾಗಿಯೇ ಬರುತ್ತದೆ.

ನಾನು ಮೊದಲು ಹೇಳಿದ್ದು ಇಷ್ಟೇ: ಕಾಯಿಲೆ ಉಲ್ಬಣಿಸಿರುವ ದಿನಗಳಲ್ಲಿ ರಾಜೀನಾಮೆಗೆ ಸಹಿ ಹಾಕಬೇಡಿ. ಹಾಕಲೇಬೇಕಾದರೂ ಅದಕ್ಕೆ ಮುಂಚೆ ಕಚೇರಿಯ ಆರೋಗ್ಯ ವಿಮೆ, ಉಳಿದ ರಜೆ, ನಿವೃತ್ತಿ ಸೌಲಭ್ಯಗಳಿಗೆ ಏನಾಗುತ್ತದೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಔಷಧಿಯ ಖರ್ಚು ಜೀವನಪೂರ್ತಿ ಇರುವ ಕಾಯಿಲೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು, ಎರಡು ವಾರದ ದಿನಚರಿ. ಯಾವ ಹೊತ್ತಿಗೆ ಯಾವ ಕೆಲಸ, ಆಗ ಕೈ ಹೇಗಿತ್ತು, ಸುಸ್ತು ಎಷ್ಟು. ಒಂದೊಂದು ಸಾಲು ಸಾಕು ಎಂದೆ. ಬರೆಯುವುದು ನೋವಾದರೆ ಫೋನಿಗೆ ಹೇಳಿ ರೆಕಾರ್ಡ್ ಮಾಡಿ. ಅವರು ಲೆಕ್ಕದವರು, ಅಚ್ಚುಕಟ್ಟಾಗಿ ಕೋಷ್ಟಕವನ್ನೇ ಮಾಡಿಕೊಂಡು ಬಂದರು! ಅದರಲ್ಲಿ ಎರಡು ವಿಷಯ ಎದ್ದು ಕಂಡವು. ಬೆಳಿಗ್ಗೆ ಹತ್ತೂವರೆಯವರೆಗೆ ಕೈ ಕೆಲಸಕ್ಕೆ ಬಾರದು, ಹನ್ನೊಂದರಿಂದ ನಾಲ್ಕರವರೆಗೆ ಬಹುಪಾಲು ದಿನ ಚೆನ್ನಾಗಿಯೇ ಇರುತ್ತದೆ. ಮತ್ತು ಪ್ರತಿ ಸೋಮವಾರ ಇಡೀ ದಿನ ವಾಕರಿಕೆ, ತಲೆಭಾರ.

ಸೋಮವಾರದ ಕಾರಣ ಕಾಯಿಲೆಯಲ್ಲಿರಲಿಲ್ಲ. ಅವರು ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ಭಾನುವಾರ ರಾತ್ರಿ. ಈ ಕಾಯಿಲೆಗೆ ಅದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ, ಮರುದಿನ ವಾಕರಿಕೆ, ಸುಸ್ತು ಕಾಣಿಸುವುದು ಸಾಮಾನ್ಯ. (ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಓದುವವರಲ್ಲಿ ಈ ಔಷಧಿ ತೆಗೆದುಕೊಳ್ಳುವವರಿದ್ದರೆ ನೆನಪಿರಲಿ.) ವಾರದ ದಿನವನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ಕೇಳದೆ ನೀವಾಗಿ ಬದಲಿಸಬೇಡಿ ಎಂದೆ. ವೈದ್ಯರು ಒಪ್ಪಿ, ಹೇಗೆ ಬದಲಿಸಬೇಕೆಂದು ಹೇಳಿಕೊಟ್ಟರು. ವಾಕರಿಕೆಯ ದಿನ ರಜಾದಿನಕ್ಕೆ ಬಂತು. ಕಚೇರಿಯಲ್ಲಿ ಯಾರನ್ನೂ ಏನೂ ಕೇಳದೆ ವಾರದಲ್ಲಿ ಒಂದು ಇಡೀ ದಿನ ವಾಪಸು ಸಿಕ್ಕಿತು.

ಆಮೇಲೆ ಹಳೆಯ ಕೆಲಸವನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದೆವು. ಹಾಜರಿ ತಾಳೆ ನೋಡುವುದು, ಕಡಿತಗಳ ಲೆಕ್ಕ, ತಪ್ಪು ಹುಡುಕುವುದು, ನೌಕರರ ತಕರಾರಿಗೆ ಉತ್ತರ ಕೊಡುವುದು. ಇವೇ ಆ ಹುದ್ದೆಯ ಜೀವ, ಇವಕ್ಕೆಲ್ಲ ಅನುಭವ ಬೇಕು. ಸಂಬಳದ ಚೀಟಿ ಮುದ್ರಿಸಿ ಲಕೋಟೆಗೆ ಹಾಕುವುದು, ದಪ್ಪ ರಿಜಿಸ್ಟರು ಹೊತ್ತೊಯ್ಯುವುದು ಯಾರು ಮಾಡಿದರೂ ಆಗುವಂಥವು. ಕೈಗೆ ಭಾರವಾದದ್ದು ಈ ಎರಡನೆಯ ಗುಂಪು ಮಾತ್ರ. ಟೈಪಿಂಗ್ ಉಳಿಯಿತು; ಅದಕ್ಕೆ ಮಣಿಕಟ್ಟು ನೇರವಾಗಿರುವಂತೆ ಕೀಬೋರ್ಡಿನ ಎತ್ತರ, ಮುಷ್ಟಿ ಬಿಗಿಯಬೇಕಿಲ್ಲದ ಮೌಸ್, ಉದ್ದ ಟಿಪ್ಪಣಿಗಳಿಗೆ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಸಾಕಾಗಿತ್ತು.

ವೈದ್ಯರ ಪ್ರಮಾಣಪತ್ರದಲ್ಲಿ 'ಲಘು ಕೆಲಸ ಕೊಡತಕ್ಕದ್ದು' ಎಂದು ಬರೆದಿತ್ತು. ಆ ಒಂದು ಸಾಲೇ ಅವರನ್ನು ಪಂಚಿಂಗ್ ಮಷಿನ್ ಮುಂದೆ ಕೂರಿಸಿದ್ದು. ಲಘು ಎಂದರೇನು ಎಂದು ವೈದ್ಯರು ಹೇಳದಿದ್ದರೆ ಮ್ಯಾನೇಜರ್ ಊಹಿಸುತ್ತಾರೆ, ಊಹೆ ತಪ್ಪುತ್ತದೆ. ನಿಮ್ಮ ಕೋಷ್ಟಕವನ್ನೇ ವೈದ್ಯರಿಗೆ ತೋರಿಸಿ, ಏನು ಮಾಡಬಹುದು, ಏನು ಮಾಡಬಾರದು, ಎಷ್ಟು ಕಾಲ ಎಂದು ಬರೆಸಿಕೊಳ್ಳಿ ಎಂದೆ. ಕಚೇರಿಗೆ ಕೊಡುವ ಪತ್ರವನ್ನೂ ಕೂತು ಬರೆದೆವು. ಅದರ ತಿರುಳು ಹೀಗಿತ್ತು:

"ಆರೋಗ್ಯದ ಕಾರಣ ಬೆಳಿಗ್ಗೆ ಹತ್ತೂವರೆಯವರೆಗೆ ನನಗೆ ಬೆರಳುಗಳ ಕೆಲಸ ಕಷ್ಟ. ಕೆಲಸದ ಅವಧಿಯನ್ನು ಒಂದೂವರೆ ಗಂಟೆ ತಡವಾಗಿ ಆರಂಭಿಸಿ ಅಷ್ಟೇ ತಡವಾಗಿ ಮುಗಿಸಲು ಅನುಮತಿ ಕೋರುತ್ತೇನೆ. ಸಂಬಳದ ಲೆಕ್ಕವನ್ನು ನಾನು ಪೂರ್ಣವಾಗಿ ನಿರ್ವಹಿಸಬಲ್ಲೆ. ಮುದ್ರಣ ಮತ್ತು ಫೈಲಿಂಗ್ ಬದಲಿಗೆ ಲೆಕ್ಕ ಪರಿಶೀಲನೆಯ ಹೆಚ್ಚುವರಿ ಹೊಣೆ ಹೊರಲು ಸಿದ್ಧಳಿದ್ದೇನೆ. ಮೂರು ತಿಂಗಳು ಪ್ರಯೋಗಕ್ಕೆ ನೋಡಿ, ನಂತರ ಕೂತು ಪರಿಶೀಲಿಸೋಣ."

ಕಾಯಿಲೆಯ ಹೆಸರು ಪತ್ರದಲ್ಲಿಲ್ಲ. ಮ್ಯಾನೇಜರಿಗೆ ಅದು ಆಗಲೇ ಗೊತ್ತಿತ್ತು, ಆದರೂ ಕಡತಕ್ಕೆ ಸೇರುವ ಕಾಗದದಲ್ಲಿ ಬೇಡ ಎಂದೆ. ರೋಗದ ಹೆಸರು ಕೇಳಿದವರು ತಮ್ಮ ದೂರದ ನೆಂಟರ ಕತೆ ನೆನಪಿಸಿಕೊಂಡು ನಿಮ್ಮ ಭವಿಷ್ಯ ನಿರ್ಧರಿಸುತ್ತಾರೆ. ಕೆಲಸದ ಮೇಲೆ ಏನು ಪರಿಣಾಮ, ಅದಕ್ಕೆ ಏನು ಉಪಾಯ, ಮೇಲಧಿಕಾರಿಗೆ ಬೇಕಾದದ್ದು ಅಷ್ಟೇ.

"ಇದೆಲ್ಲ ಭಿಕ್ಷೆ ಬೇಡಿದ ಹಾಗಲ್ಲವಾ?" ಎಂದು ಕೇಳಿದರು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿಯನ್ನು ಅವರಿಗೆ ತೋರಿಸಿದೆ. ಸಂಸ್ಥೆಗೆ ಅತಿಯಾದ ಹೊರೆಯಾಗದಂಥ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ ಅದು. 27ನೇ ವಿಧಿಯಲ್ಲಿ ಉದ್ಯೋಗ ಉಳಿಸಿಕೊಳ್ಳುವುದು, ಕೆಲಸಕ್ಕೆ ಮರಳುವುದು ಎಂಬ ಮಾತುಗಳೇ ಇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1983ರ 159ನೇ ಒಪ್ಪಂದವೂ ಕೆಲಸ ದೊರಕಿಸುವುದರ ಜೊತೆಗೆ ಅದನ್ನು ಉಳಿಸಿಕೊಳ್ಳುವುದನ್ನೂ ಅದರಲ್ಲಿ ಮೇಲೇರುವುದನ್ನೂ ಪುನರ್ವಸತಿಯ ಗುರಿ ಎನ್ನುತ್ತದೆ. ಇವನ್ನು ಮ್ಯಾನೇಜರ್ ಮುಂದೆ ಓದಬೇಡಿ, ಬೆನ್ನು ನೆಟ್ಟಗಿಟ್ಟುಕೊಂಡು ಕೂರಲು ನಿಮಗೆ ಸಾಕು ಎಂದೆ.

ಗಂಡನ ಜೊತೆಗಿನ ಮಾತು ಚಿಕ್ಕದು. ಹೆಂಡತಿ ನೋಯುವುದನ್ನು ನೋಡಲಾಗದೆ ಆಡಿದ ಮಾತು ಅವರದು. ಕೋಷ್ಟಕ ನೋಡಿದ ಮೇಲೆ ಅವರೇ, "ಬೆಳಗಿನ ಮನೆಕೆಲಸ ನಾನು ಮಾಡಿದರೆ ಕೈ ಉಳಿಯುತ್ತಲ್ಲ" ಅಂದರು. ನಾನು ಹೇಳುವುದು ಏನೂ ಉಳಿದಿರಲಿಲ್ಲ.

ಕಚೇರಿಯಲ್ಲಿ ಎಲ್ಲವೂ ಸಿಗಲಿಲ್ಲ. ತಡವಾಗಿ ಬರಲು ಒಪ್ಪಿದರು. ಮನೆಯಿಂದ ಕೆಲಸಕ್ಕೆ ವಸುಧಾ ಮಾತಿನ ನಡುವೆ ಕೇಳಿದ್ದನ್ನು ತಳ್ಳಿಹಾಕಿದರು. ಸಂಬಳದ ಲೆಕ್ಕದಲ್ಲಿ ಅರ್ಧ ವಿಭಾಗಗಳು ಮಾತ್ರ ವಾಪಸು ಬಂದವು. "ನಮಗೂ ಲೇಟಾಗಿ ಬರೋಕೆ ಬಿಡ್ತಾರಾ?" ಎಂಬ ಗೊಣಗು ಶುರುವಾಯಿತು. ಅದಕ್ಕೆ ಕಾಯಿಲೆಯ ವಿವರಣೆ ಕೊಡಬೇಕಿಲ್ಲ, "ಅಷ್ಟೇ ಹೊತ್ತು ಸಂಜೆ ಕೂರ್ತೀನಿ, ಮ್ಯಾನೇಜರ್ ಜೊತೆ ಮಾತಾಗಿದೆ" ಎಂದರೆ ಮುಗಿಯಿತು ಎಂದು ಹೇಳಿದ್ದೆ. ಗೊಣಗು ನಿಂತಿಲ್ಲ, ಕಡಿಮೆಯಾಗಿದೆ. ಕಿರಿಯ ಸಹೋದ್ಯೋಗಿ ಮಾತ್ರ ತನ್ನ ಲೆಕ್ಕ ತಿದ್ದಿಕೊಡಲು ಒಬ್ಬರಿದ್ದಾರೆಂದು ನಿರಾಳವಾದಳಂತೆ.

ನಾಲ್ಕನೆಯ ತಿಂಗಳು ಕಾಯಿಲೆ ಮತ್ತೆ ಕೆರಳಿತು. ಕೆಲವು ದಿನ ರಜೆ ಹಾಕಿದರು. ಇಂಥ ದಿನ ಬಂದೇ ಬರುತ್ತದೆಂದು ಮೊದಲೇ ಒಂದು ಪುಟದ ಯೋಜನೆ ಬರೆಸಿದ್ದೆ: ಯಾರಿಗೆ ತಿಳಿಸುವುದು, ಯಾವ ಕೆಲಸ ಯಾರಿಗೆ ಹೋಗುತ್ತದೆ, ಮರಳಿದ ಮೇಲೆ ಯಾವುದು ವಾಪಸು ಬರುತ್ತದೆ. ಕೊನೆಯ ಅಂಶವನ್ನು ಬಹಳ ಜನ ಬರೆಯುವುದಿಲ್ಲ. ಬರೆಯದಿದ್ದರೆ ರಜೆಯಲ್ಲಿ ಹೋದ ಕೆಲಸ ಹೋದಲ್ಲೇ ನಿಂತುಬಿಡುತ್ತದೆ.

ಎಲ್ಲ ಕಾಯಿಲೆಗೂ ಎಲ್ಲ ಹುದ್ದೆಗೂ ಇದೇ ದಾರಿ ನಡೆಯುವುದಿಲ್ಲ. ಹತೋಟಿಗೆ ಬಾರದ ಮೂರ್ಛೆರೋಗ ಇರುವವರು ಎತ್ತರದಲ್ಲಿ ನಿಂತು ಮಾಡುವ ಕೆಲಸವನ್ನು ಉಳಿಸಿಕೊಳ್ಳಿ ಎಂದು ನಾನು ಹೇಳಲಾರೆ. ಅಲ್ಲಿ ಅದೇ ಸಂಸ್ಥೆಯ ಬೇರೆ ಹುದ್ದೆ ಕೇಳಬೇಕು. ಖಿನ್ನತೆಯಿಂದ ಚೇತರಿಸಿಕೊಳ್ಳುವವರಿಗೆ ಯಂತ್ರೋಪಕರಣಕ್ಕಿಂತ ಕೆಲಸದ ಹೊತ್ತನ್ನು ಮೆಲ್ಲಗೆ ಏರಿಸುತ್ತ ಹೋಗುವುದು ಮುಖ್ಯ. ಆದರೆ ಕೆಲಸವನ್ನು ಬಿಡಿಬಿಡಿಯಾಗಿ ನೋಡುವ ಆ ಕೋಷ್ಟಕ ಅವರಿಗೂ ಬೇಕು.

ಈಗ ವಸುಧಾ ಅವರ ವಾರ್ಷಿಕ ಮೌಲ್ಯಮಾಪನ ಹತ್ತಿರ ಬಂದಿದೆ. ಹಳೆಯ ನಮೂನೆಯಲ್ಲಿ 'ಸಮಯಪಾಲನೆ', 'ಫೈಲಿಂಗ್' ಎಂಬ ಅಂಕಗಳಿವೆ, ಹಾಗೇ ಬಿಟ್ಟರೆ ಎರಡರಲ್ಲೂ ಅವರಿಗೆ ಕಡಿಮೆ ಬೀಳುತ್ತದೆ. ಒಪ್ಪಿಕೊಂಡ ಹೊಸ ಸಮಯ, ಹೊಸ ಹೊಣೆಗಳ ಆಧಾರದ ಮೇಲೆಯೇ ಅಳೆಯಬೇಕೆಂದು ಮೌಲ್ಯಮಾಪನಕ್ಕೆ ಮುಂಚೆಯೇ ಎಚ್‌ಆರ್‌ಗೆ ಬರೆಯಿರಿ, ಮ್ಯಾನೇಜರ್ ಒಪ್ಪಿದ ಮಿಂಚಂಚೆಯನ್ನು ಜೊತೆಗೆ ಲಗತ್ತಿಸಿ ಎಂದಿದ್ದೇನೆ. ಕರಡು ಕಳಿಸಿದ್ದಾರೆ. ಅದರಲ್ಲಿ ಮೂರು ಕಡೆ 'ದಯವಿಟ್ಟು' ಇತ್ತು, ಎರಡನ್ನು ತೆಗೆಸಿದೆ.