ಸತ್ತವನು ಏನು ಮಾಡ್ಕೊಂಡಿದ್ದ?

ನಮಸ್ಕಾರ. ಇಟಲಿಯ ಮಾಫಿಯಾ ಕುಟುಂಬಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳೂ ಸರಿಯಾಗಿವೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

'ಸಿಸಿಲಿಯ ಮಾಫಿಯಾಕ್ಕೆ ಒಂದು ನೀತಿ ಇತ್ತು, ಹೆಂಗಸರು ಮಕ್ಕಳ ತಂಟೆಗೆ ಅವರು ಹೋಗುತ್ತಿರಲಿಲ್ಲ' ಅಂತ ಬರೆದಿದ್ದೀರಿ. ಯಾರು ಹೇಳಿದ್ದು ಇದನ್ನ? ಅವರೇ ಅಲ್ವಾ? 1992ರ ಮೇ 23ರಂದು ಕಪಾಚಿ ಹತ್ತಿರ ಹೆದ್ದಾರಿಯನ್ನೇ ಸ್ಫೋಟಿಸಿ ನ್ಯಾಯಾಧೀಶ ಜೊವಾನಿ ಫಾಲ್ಕೋನೆಯನ್ನು ಕೊಂದದ್ದು ನಿಮ್ಮ ಲೇಖನದಲ್ಲೇ ಇದೆ. ಅದೇ ಕಾರಿನಲ್ಲಿದ್ದು ಸತ್ತ ಅವರ ಹೆಂಡತಿ ಫ್ರಾಂಚೆಸ್ಕಾ ಮೊರ್ವಿಲ್ಲೊ ಇಲ್ಲ. ಮರುವರ್ಷ ಜುಸೆಪ್ಪೆ ದಿ ಮತ್ತೇಯೊ ಎಂಬ 12 ವರ್ಷದ ಹುಡುಗನನ್ನು, ಮಾಫಿಯಾದಲ್ಲೇ ಇದ್ದ ಅವನಪ್ಪ ಪೊಲೀಸರ ಮುಂದೆ ಬಾಯಿ ಬಿಟ್ಟ ಅಂತ, ಪೊಲೀಸ್ ವೇಷದಲ್ಲಿ ಬಂದು ಎತ್ತಿಕೊಂಡು ಹೋದರು. ಎರಡು ವರ್ಷಕ್ಕಿಂತ ಜಾಸ್ತಿ ಕೂಡಿಹಾಕಿದರು. 1996ರ ಜನವರಿಯಲ್ಲಿ ಕತ್ತು ಹಿಸುಕಿ ಕೊಂದು, ಹೆಣವನ್ನು ಆಸಿಡ್‌ನಲ್ಲಿ ಕರಗಿಸಿದರು. ಈಗ ಆ ನೀತಿಯ ವಾಕ್ಯ ಇನ್ನೊಮ್ಮೆ ಓದಿಕೊಳ್ಳಿ.

ಡಾನ್‌ಗಳ ಕೋಟು, ಸಿಗಾರ್ ಅಂತ ಒಂದಿಡೀ ಪ್ಯಾರಾ ಬೇರೆ. 2006ರಲ್ಲಿ ಸಿಸಿಲಿ ಮಾಫಿಯಾದ ದೊಡ್ಡ ಡಾನ್ ಬೆರ್ನಾರ್ದೊ ಪ್ರೊವೆಂಜಾನೊ ಸಿಕ್ಕಿಬಿದ್ದದ್ದು ಅಲ್ಲಿನ ಕೊರ್ಲಿಯೋನೆ ಊರಿನ ಪಕ್ಕದ ಒಂದು ಹಳ್ಳಿಮನೆಯಲ್ಲಿ. ಹತ್ತಿರದಲ್ಲಿ ಟೈಪ್‌ರೈಟರ್, ಒಂದಿಷ್ಟು ಚೀಟಿಗಳು. ಕೋಟು ಎಲ್ಲಿಂದ ತಂದಿರಿ?

ನಾನು ಕೆಲಸ ಕಲಿತದ್ದು ಒಂದು ಸಂಜೆ ಪತ್ರಿಕೆಯ ಕ್ರೈಂ ಡೆಸ್ಕಿನಲ್ಲಿ. ಕೊಲೆ ಸುದ್ದಿ ಬರೆದು ಕೊಟ್ಟರೆ ಅಲ್ಲಿದ್ದ ಹಿರಿಯರೊಬ್ಬರು ಕೊಂದವನ ಅಡ್ಡಹೆಸರು, ಮಚ್ಚಿನ ಉದ್ದ, ಹಳೇ ಸೇಡು ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, 'ಸತ್ತವನು ಏನು ಮಾಡ್ಕೊಂಡಿದ್ದ?' ಅಂತ ಕೇಳೋರು. ಪೇಜು ಬಿಡೋ ಹೊತ್ತಿನಲ್ಲಿ ಇದೆಂಥ ಗೋಳು ಅಂತ ಒಳಗೊಳಗೇ ಬೈದುಕೊಂಡು ಮತ್ತೆ ಆ ಬೀದಿಗೆ ಹೋಗ್ತಿದ್ದೆವು. ಸಿಗುತ್ತಿತ್ತು. ಇಸ್ತ್ರಿ ಅಂಗಡಿ ಅಂತಲೋ, ತರಕಾರಿ ಗಾಡಿ ಅಂತಲೋ.

ನಿಮ್ಮ ಲೇಖನದಲ್ಲಿ ಅಂಥವರಿಗೆ ಸಿಕ್ಕಿರುವುದು ಒಂದೇ ಸಾಲು: 'ವ್ಯಾಪಾರಿಗಳು ಹಫ್ತಾ ಕೊಟ್ಟು ನೆಮ್ಮದಿಯಾಗಿದ್ದರು.' ಸುಮ್ನೆ ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತೆ.

ಲಿಬೆರೊ ಗ್ರಾಸಿ ಎಂಬವರಿಗೆ ಸಿಸಿಲಿಯ ಪಾಲೆರ್ಮೊದಲ್ಲಿ ಪೈಜಾಮ, ಒಳಉಡುಪು ಹೊಲಿಯುವ ಫ್ಯಾಕ್ಟರಿ ಇತ್ತು. 1991ರ ಜನವರಿ 10ರಂದು ಅವರು ಊರಿನ ಪತ್ರಿಕೆಯಲ್ಲಿ ಹಫ್ತಾ ಕೇಳುವವನಿಗೇ ಒಂದು ಬಹಿರಂಗ ಪತ್ರ ಬರೆದರು. ಬೆದರಿಕೆ ಫೋನು ಬೇಡ, ಬಾಂಬು ಗುಂಡಿಗೆ ಖರ್ಚೂ ಮಾಡಬೇಡಿ, ನಾವು ಕೊಡುವುದಿಲ್ಲ, ಪೊಲೀಸರ ರಕ್ಷಣೆ ಕೇಳಿದ್ದೇವೆ ಅಂತ. ಮಿಕ್ಕ ಉದ್ಯಮಿಗಳು ಬೆನ್ನಿಗೆ ನಿಲ್ಲುವುದಿರಲಿ, ಇವರಿಂದ ಊರಿನ ಹೆಸರು ಕೆಡುತ್ತೆ ಅನ್ನೋ ಹಾಗೆ ದೂರ ಸರಿದರು. ಆಗಸ್ಟ್ 29ರ ಬೆಳಗ್ಗೆ ಕೆಲಸಕ್ಕೆ ಹೊರಟಿದ್ದಾಗ ಬೀದಿಯಲ್ಲೇ ಗುಂಡಿಟ್ಟು ಕೊಂದರು.

ಜನವರಿಯಿಂದ ಆಗಸ್ಟ್‌ವರೆಗಿನ ಆ ತಿಂಗಳುಗಳನ್ನು ಬರೆಯಿರಿ. ಯಾರು ಮಾತು ಬಿಟ್ಟರು, ಯಾರು ಬುದ್ಧಿ ಹೇಳಲು ಬಂದರು, ಹುಡುಕಿ. 1,500 ಪದಕ್ಕೆ ಜಾಗ ಕೊಡುತ್ತೇನೆ. ಕೋಟಿನ ಪ್ಯಾರಾ ನಾನೇ ತೆಗೆದಿದ್ದೇನೆ, ವಾಪಸ್ ಹಾಕಬೇಡಿ.